ಕರುವು ಪನಿ: ಅಂದು, ಅಲ್ಲಿ, ಇಂದು



ಚಿಪ್ಪಗಿರಿ ಎಂದರೆ ನಿಮಗೆ ಏನು ನೆನಪಾಗುತ್ತದೆ? ವಿಜಯದಾಸರು ನೆನಪಾಗುತ್ತಾರೆ. ಅವರು 1755ರಲ್ಲಿ ಇಲ್ಲಿಯೇ ದೇಹ ಬಿಟ್ಟರು. ಅವರ ಆರಾಧನೆಗೆ ದೂರದ ಊರುಗಳಿಂದ ಜನ ಬರುತ್ತಾರೆ. ಬೆಟ್ಟದ ಮೇಲಿನ ಹಳೆಯ ಜೈನ ಬಸದಿ ನೆನಪಾಗುತ್ತದೆ. ಇವಕ್ಕೆಲ್ಲ ಹೆಸರಿದೆ, ಕಥೆ ಇದೆ. ಪುಸ್ತಕದಲ್ಲೂ ಬರೆದಿದ್ದಾರೆ.

ಆದರೆ ನೀವು ದಿನಾ ನಡೆಯುವ ದಾರಿಯನ್ನು ಯಾರು ಮಾಡಿದರು? ಕೆರೆಯ ಕಟ್ಟೆಗೆ ಮಣ್ಣು ಹೊತ್ತವರು ಯಾರು? ಕೇಳಿದರೆ ಹಿರಿಯರು "ಯಾವುದೋ ಬರದಾಗ ಮಾಡಿದ್ದಂತಪ್ಪ" ಎನ್ನುತ್ತಾರೆ. ಅಷ್ಟೇ. ಮಣ್ಣು ಹೊತ್ತವರ ಹೆಸರು ಯಾರಿಗೂ ಗೊತ್ತಿಲ್ಲ.

ಈ ಪಾಠ ಅಂಥವರ ಬಗ್ಗೆ. ಕಷ್ಟಕಾಲದಲ್ಲಿ ಸರ್ಕಾರ ಜನರಿಗೆ ಕೆಲಸ ಕೊಟ್ಟ ಮೂರು ಸಂಗತಿಗಳನ್ನು ಓದೋಣ. ಒಂದು ನಮ್ಮ ಸೀಮೆಯ ಹಳೆಯ ಸಂಗತಿ. ಇನ್ನೊಂದು ದೂರದ ಅಮೆರಿಕ ದೇಶದ್ದು. ಮೂರನೆಯದು ನಮ್ಮ ಕಾಲದ್ದು. ಓದುತ್ತಾ ಹೋಗುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಕೆಲಸ ಮಾಡಿದವರಿಗೆ ಏನು ಸಿಕ್ಕಿತು?

1. ಮಾತಿನಲ್ಲಿ ಉಳಿದ ಬರ

ನಮ್ಮ ಕಡೆ ಉದ್ಯೋಗ ಖಾತ್ರಿಯ ಕೆಲಸಕ್ಕೆ ಏನೆನ್ನುತ್ತಾರೆ? "ಉಪಾಧಿ ಪನಿ" ಎನ್ನುತ್ತಾರೆ. "ಕರುವು ಪನಿ" ಎಂದೂ ಎನ್ನುತ್ತಾರೆ. ತೆಲುಗಿನಲ್ಲಿ ಕರುವು ಎಂದರೆ ಬರ. ಪನಿ ಎಂದರೆ ಕೆಲಸ. ಮಳೆ ಚೆನ್ನಾಗಿ ಆದ ವರ್ಷದಲ್ಲೂ ಜನ "ಕರುವು ಪನಿಗೆ ಹೋಗ್ತೀವಿ" ಅಂತಾರೆ. ಬರ ಇಲ್ಲದಿದ್ದರೂ ಬರದ ಹೆಸರು ಯಾಕೆ?

ಯಾಕೆಂದರೆ ಈ ಸೀಮೆಯಲ್ಲಿ ಸರ್ಕಾರಿ ಕೂಲಿ ಕೆಲಸ ಹುಟ್ಟಿದ್ದೇ ಬರದಲ್ಲಿ. ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಮಾತು ಇದು. ಸುಮಾರು 150 ವರ್ಷಗಳ ಹಿಂದಿನ ಒಂದು ದೊಡ್ಡ ಬರವನ್ನು ತಿಳಿದರೆ ಈ ಮಾತಿನ ಅರ್ಥ ತಿಳಿಯುತ್ತದೆ.

ಆಗ ಚಿಪ್ಪಗಿರಿ ಕರ್ನೂಲು ಜಿಲ್ಲೆಯಲ್ಲಿ ಇರಲಿಲ್ಲ. ಆಲೂರು, ಆದೋನಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಚಿಪ್ಪಗಿರಿ ಆಲೂರು ತಾಲ್ಲೂಕಿನ ಊರು. ಇಡೀ ಬಳ್ಳಾರಿ ಜಿಲ್ಲೆ ಮದ್ರಾಸು ಸರ್ಕಾರದ ಕೈಕೆಳಗೆ ಇತ್ತು. ದೇಶವನ್ನು ಆಳುತ್ತಿದ್ದವರು ಇಂಗ್ಲಿಷರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಯಿತು. ಆಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಬಂದವು. ಆದ್ದರಿಂದ ನಮ್ಮ ಹಿರಿಯರ ಬರದ ಕಥೆ ಬಳ್ಳಾರಿಯ ಬರದ ಕಥೆಯೂ ಹೌದು.

2. ಧಾತು ಬರ

1876ನೇ ಇಸವಿ. ಪಂಚಾಂಗದ ಪ್ರಕಾರ ಅದು ಧಾತು ಸಂವತ್ಸರ. ಆ ವರ್ಷ ಮುಂಗಾರು ಕೈಕೊಟ್ಟಿತು. ಹಿಂಗಾರೂ ಕೈಕೊಟ್ಟಿತು. ಎರೆ ಹೊಲ ಬಿರುಕು ಬಿಟ್ಟಿತು. ಜೋಳ ಇಲ್ಲ, ಹತ್ತಿ ಇಲ್ಲ, ದನಕ್ಕೆ ಸೊಪ್ಪೆ ಇಲ್ಲ. ಮರುವರ್ಷ ಈಶ್ವರ ಸಂವತ್ಸರ. ಆಗಲೂ ಸಕಾಲಕ್ಕೆ ಮಳೆ ಬರಲಿಲ್ಲ. ಜನ ಇದನ್ನು ಧಾತು ಬರ ಎಂದು ಕರೆದರು. ಧಾತು ಈಶ್ವರ ಬರ ಎಂದೂ ಕರೆದರು.

ಇಲ್ಲಿ ಒಂದು ಮಾತು ಗಮನಿಸಿ. ಊರಿಗೆ ಕಾಳು ಬರುವ ದಾರಿಯೇ ಇರಲಿಲ್ಲ ಎಂದಲ್ಲ. ಆದೋನಿಯ ಮೇಲೆ ರಾಯಚೂರಿಗೆ ಹೋಗುವ ಮದ್ರಾಸು ರೈಲು ದಾರಿ 1871ರಲ್ಲೇ ಆಗಿತ್ತು. ರೈಲಿನಲ್ಲಿ ಕಾಳು ಬರುತ್ತಿತ್ತು. ಆದರೆ ಕಾಳಿನ ಬೆಲೆ ಏರಿತ್ತು. ಹೊಲದಲ್ಲಿ ಕೆಲಸ ಇಲ್ಲದ ಮೇಲೆ ಕೂಲಿಯವರ ಕೈಗೆ ಕಾಸು ಎಲ್ಲಿಂದ ಬರಬೇಕು? ಅಂಗಡಿಯಲ್ಲಿ ಕಾಳು ಇತ್ತು, ಮನೆಯ ಒಲೆ ಮಾತ್ರ ಹತ್ತಲಿಲ್ಲ. ಮಳೆ ಹೋದಾಗ ಬಡವರಿಂದ ಮೊದಲು ಹೋಗುವುದು ಕೂಲಿ. ಊಟ ಹೋಗುವುದು ಆಮೇಲೆ.

ಅದಕ್ಕೇ ಸರ್ಕಾರ ಪರಿಹಾರ ಕಾಮಗಾರಿ ತೆರೆಯಿತು. ಕಾಮಗಾರಿ ಎಂದರೆ ದಾರಿಗೆ ಮಣ್ಣು ಹಾಕುವುದು, ಜಲ್ಲಿ ಒಡೆಯುವುದು, ಕೆರೆ ತೋಡುವುದು, ಕಾಲುವೆ ತೋಡುವುದು. ಗಂಡಸರು ಅಗೆಯಬೇಕು. ಹೆಂಗಸರು, ಮಕ್ಕಳು ಬುಟ್ಟಿ ಹೊರಬೇಕು. ಊರು ಬಿಟ್ಟು ದೂರದ ಶಿಬಿರಕ್ಕೆ ಹೋಗಬೇಕು. ಸಾವಿರಾರು ಜನ ಒಂದೇ ಕಡೆ ಸೇರಿದರು. ಒಳ್ಳೆಯ ನೀರು ಇರಲಿಲ್ಲ. ಶಿಬಿರಗಳಲ್ಲಿ ಕಾಲರಾ ಹರಡಿತು.

3. ಒಂದು ಪೌಂಡಿನ ಕೂಲಿ

ಈ ಕೆಲಸಕ್ಕೆ ಎಷ್ಟು ಕೂಲಿ? ಇದನ್ನು ನಿಧಾನವಾಗಿ ಓದಿ.

ಬರವನ್ನು ನೋಡಿಕೊಳ್ಳಲು ಸರ್ಕಾರ ಸರ್ ರಿಚರ್ಡ್ ಟೆಂಪಲ್ ಎಂಬ ದೊಡ್ಡ ಅಧಿಕಾರಿಯನ್ನು ಕಳಿಸಿತು. ಈತ 1874ರಲ್ಲಿ ಬಿಹಾರದ ಬರವನ್ನು ನೋಡಿಕೊಂಡಿದ್ದ. ಅಲ್ಲಿ ಅಕ್ಕಿ ತರಿಸಿ ಕೈಬಿಚ್ಚಿ ಖರ್ಚು ಮಾಡಿದ್ದ. ಅಲ್ಲಿ ಹಸಿವಿನಿಂದ ಸತ್ತವರು ತೀರ ಕಡಿಮೆ. ಆದರೆ "ಇಷ್ಟು ದುಡ್ಡು ಯಾಕೆ ಸುರಿದೆ?" ಎಂದು ಮೇಲಿನವರು ಅವನನ್ನು ಬೈದರು. ಹಾಗಾಗಿ ನಮ್ಮ ಸೀಮೆಗೆ ಬರುವಾಗ ಆತ ಕೈ ಬಿಗಿ ಹಿಡಿದುಕೊಂಡೇ ಬಂದ.

1877ರ ಜನವರಿಯಲ್ಲಿ ಟೆಂಪಲ್ ಕೂಲಿಯನ್ನು ಇಳಿಸಿದ. ದಿನವಿಡೀ ದುಡಿದ ಗಂಡಸಿಗೆ ಒಂದು ಪೌಂಡು ಕಾಳು, ಒಂದು ಆಣೆ. ಹೆಂಗಸಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ಅರ್ಧ ಕಿಲೋ ಕೂಡ ಅಲ್ಲ. ಒಂದು ರೂಪಾಯಿಗೆ ಆಗ 16 ಆಣೆ. ಬಿಸಿಲಲ್ಲಿ ಗುದ್ದಲಿ ಹಿಡಿದವನಿಗೆ ಇದು ಸಾಲುತ್ತದೆಯೇ? ನೀವೇ ಯೋಚಿಸಿ. ನೀವು ಮಣ್ಣು ಹೊತ್ತವರು. ನಿಮಗೆ ಗೊತ್ತು.

ಮದ್ರಾಸಿನಲ್ಲಿ ಕಾರ್ನಿಷ್ ಎಂಬ ಡಾಕ್ಟರು ಇದ್ದರು. ಜನರ ಆರೋಗ್ಯ ನೋಡುವ ಸರ್ಕಾರಿ ಅಧಿಕಾರಿ ಅವರು. ಇಷ್ಟು ಕಾಳಿನಲ್ಲಿ ದುಡಿಯುವ ದೇಹ ಉಳಿಯುವುದಿಲ್ಲ ಎಂದು ಅವರು ವಾದ ಮಾಡಿದರು. ಕಡಿಮೆ ಎಂದರೂ 680 ಗ್ರಾಂ ಕಾಳು ಬೇಕು, ಜೊತೆಗೆ ಬೇಳೆ, ತರಕಾರಿ ಬೇಕು ಎಂದರು. ಪಕ್ಕದ ಮುಂಬಯಿ ಪ್ರಾಂತದಲ್ಲಿ ಸಾವಿರಾರು ಕೂಲಿಕಾರರು ಈ ಕೂಲಿಗೆ ಒಪ್ಪದೆ ಕೆಲಸ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಬರೆಯಿತು. ಕೊನೆಗೆ 1877ರ ಮಾರ್ಚ್‌ನಲ್ಲಿ ಮದ್ರಾಸು ಸರ್ಕಾರ ಕಾಳನ್ನು ಸುಮಾರು 570 ಗ್ರಾಂಗೆ ಏರಿಸಿತು. ಸ್ವಲ್ಪ ಬೇಳೆಯನ್ನೂ ಸೇರಿಸಿತು. ಡಾಕ್ಟರು ಕೇಳಿದಷ್ಟು ಸಿಗಲಿಲ್ಲ. ಅಷ್ಟು ಹೊತ್ತಿಗೆ ಬಹಳ ಜನ ತೀರಿಹೋಗಿದ್ದರು.

ಈ ಬರದಲ್ಲಿ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂದು ಲೆಕ್ಕ ಹಾಕಿದ್ದಾರೆ. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಇಳಿಯಿತು. ಕರ್ನೂಲು ಜಿಲ್ಲೆಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಇಳಿಯಿತು. ಸತ್ತವರೂ ಇದ್ದಾರೆ, ಊರು ಬಿಟ್ಟು ಹೋದವರೂ ಇದ್ದಾರೆ.

4. ಯಾರ ಹೆಸರು ಉಳಿಯಿತು?

ಬರದ ಕೆಲಸದಿಂದ ದೊಡ್ಡ ದೊಡ್ಡ ಕಾಮಗಾರಿಗಳು ಆದವು. ಮೈಸೂರು ಸೀಮೆಯಲ್ಲಿ ಬೆಂಗಳೂರು–ಮೈಸೂರು ರೈಲು ದಾರಿಯ ಕೆಲಸವನ್ನು ಬರ ಪರಿಹಾರಕ್ಕೆಂದೇ ಎತ್ತಿಕೊಂಡರು. ಇಂದಿಗೂ ಆ ದಾರಿಯಲ್ಲಿ ದಿನಾ ರೈಲು ಓಡುತ್ತದೆ. ಮದ್ರಾಸು ಪಟ್ಟಣದಲ್ಲಿ ಕೂವಂ, ಅಡ್ಯಾರ್ ಎಂಬ ಎರಡು ಹೊಳೆಗಳ ನಡುವೆ ಸುಮಾರು 8 ಕಿಲೋಮೀಟರ್ ಕಾಲುವೆಯನ್ನು ಬರದ ಕೂಲಿಕಾರರೇ ತೋಡಿದರು. ಆ ಕಾಲುವೆಯ ಹೆಸರು ಬಕಿಂಗ್‌ಹ್ಯಾಂ ಕಾಲುವೆ. ಬಕಿಂಗ್‌ಹ್ಯಾಂ ಯಾರು? ಆಗಿನ ಮದ್ರಾಸು ಗವರ್ನರು.

ಗವರ್ನರು ಒಂದು ಬುಟ್ಟಿ ಮಣ್ಣನ್ನೂ ಹೊರಲಿಲ್ಲ. ಹೆಸರು ಅವರದು ಉಳಿಯಿತು. ಹೊತ್ತವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಬರ ಮುಗಿದ ಮೇಲೆ ಸರ್ಕಾರ ಒಂದು ಆಯೋಗ ಮಾಡಿತು. ಅದು 1880ರಲ್ಲಿ ವರದಿ ಕೊಟ್ಟಿತು. ಅದರ ಮೇಲೆ 1883ರಲ್ಲಿ ಬರದ ನಿಯಮಗಳ ಪುಸ್ತಕ ಬಂತು. ಬರ ಬಂದಾಗ ಯಾವಾಗ ಕೆಲಸ ತೆರೆಯಬೇಕು, ಯಾರಿಗೆ ಏನು ಕೊಡಬೇಕು ಎಂದು ಅದರಲ್ಲಿ ಬರೆದರು. ಮೊದಲು ಪರೀಕ್ಷೆಗೆ ಕೆಲಸ ತೆರೆಯಬೇಕು. ಕಡಿಮೆ ಕೂಲಿಗೆ ಕಷ್ಟದ ಕೆಲಸಕ್ಕೂ ಜನ ಬಂದರೆ, ಆ ಸೀಮೆಯಲ್ಲಿ ನಿಜವಾಗಿ ಬರ ಇದೆ ಎಂದು ಅರ್ಥ. ಇದು ಆಗಿನ ಲೆಕ್ಕಾಚಾರ. ಬಡವರು ತಮ್ಮ ಹಸಿವನ್ನು ಬೆನ್ನು ಬಗ್ಗಿಸಿ ರುಜುವಾತು ಮಾಡಬೇಕಿತ್ತು. ಆದರೂ ಈ ನಿಯಮಗಳಿಂದ ಒಂದು ಒಳ್ಳೆಯದಾಯಿತು. ಬರ ಬಂದರೆ ಸರ್ಕಾರ ಸುಮ್ಮನೆ ಕೂರುವ ಹಾಗಿಲ್ಲ ಎಂಬುದು ಬರಹಕ್ಕೆ ಇಳಿಯಿತು.

5. ಅಮೆರಿಕದಲ್ಲೂ ಕಷ್ಟ ಬಂತು

ಈಗ ದೂರದ ಒಂದು ದೇಶಕ್ಕೆ ಹೋಗೋಣ. ಅಮೆರಿಕ ಎಂದರೆ ಶ್ರೀಮಂತರ ದೇಶ ಎಂದು ಕೇಳಿದ್ದೀರಿ. ಅಲ್ಲಿಯೂ ಒಮ್ಮೆ ಜನ ಗಂಜಿಗಾಗಿ ಸಾಲು ನಿಂತಿದ್ದರು.

1929ರಲ್ಲಿ ಅಲ್ಲಿ ವ್ಯಾಪಾರ ಕುಸಿಯಿತು. ಬ್ಯಾಂಕುಗಳು ಮುಚ್ಚಿದವು. ಕಾರ್ಖಾನೆಗಳು ನಿಂತವು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಇದನ್ನು ಮಹಾ ಆರ್ಥಿಕ ಕುಸಿತ ಎಂದು ಕರೆಯುತ್ತಾರೆ. ಅದರ ಏಟು ನಮ್ಮ ದೇಶಕ್ಕೂ ಬಿತ್ತು. ಹತ್ತಿ, ಶೇಂಗಾದಂಥ ಬೆಳೆಗಳ ಬೆಲೆ ಪಾತಾಳಕ್ಕೆ ಇಳಿಯಿತು. ಬೆಳೆ ಬಂದರೂ ರೈತರ ಸಾಲ ತೀರಲಿಲ್ಲ.

1933ರ ಮಾರ್ಚ್‌ನಲ್ಲಿ ಅಮೆರಿಕಕ್ಕೆ ರೂಸ್‌ವೆಲ್ಟ್ ಎಂಬ ಹೊಸ ಅಧ್ಯಕ್ಷರು ಬಂದರು. ಅದೇ ತಿಂಗಳಲ್ಲಿ ಒಂದು ಕಾನೂನು ಮಾಡಿಸಿದರು. ಕೆಲಸ ಇಲ್ಲದ ಹುಡುಗರನ್ನು ಸೇರಿಸಿ ಒಂದು ಪಡೆ ಕಟ್ಟಿದರು. ಅದು ಬಂದೂಕಿನ ಪಡೆ ಅಲ್ಲ, ಗುದ್ದಲಿಯ ಪಡೆ. ಕಾಡು, ಮಣ್ಣು, ನೀರು ಉಳಿಸುವ ಪಡೆ. 1933ರ ಏಪ್ರಿಲ್ 17ರಂದು ವರ್ಜೀನಿಯಾ ಎಂಬ ರಾಜ್ಯದ ಕಾಡಿನಲ್ಲಿ ಮೊದಲ ಶಿಬಿರ ಶುರುವಾಯಿತು.

ಶಿಬಿರಕ್ಕೆ ಸೇರಿದವರು ಹೆಚ್ಚಾಗಿ 18ರಿಂದ 25 ವರ್ಷದ, ಮದುವೆ ಆಗದ ಹುಡುಗರು. ಒಂದು ಶಿಬಿರದಲ್ಲಿ ಸುಮಾರು 200 ಜನ. ಊಟ, ಬಟ್ಟೆ, ಮಲಗಲು ಜಾಗ ಸರ್ಕಾರದ್ದು. ತಿಂಗಳಿಗೆ 30 ಡಾಲರ್ ಕೂಲಿ. ಡಾಲರ್ ಎಂದರೆ ಅಲ್ಲಿಯ ನಾಣ್ಯ. ಈ 30ರಲ್ಲಿ 25 ಡಾಲರ್ ನೇರ ಅವರ ಮನೆಗೆ ಹೋಗುತ್ತಿತ್ತು. ಹುಡುಗನ ಕೈಗೆ 5 ಡಾಲರ್ ಮಾತ್ರ. ಮಗ ಕಾಡಿನಲ್ಲಿ ದುಡಿದ, ಊರಲ್ಲಿ ತಾಯಿಯ ಒಲೆ ಹತ್ತಿತು.

ಏನು ಕೆಲಸ ಮಾಡಿದರು? ಬೋಳು ಗುಡ್ಡದಲ್ಲಿ ಗಿಡ ನೆಟ್ಟರು. ಕಾಡಿನ ಬೆಂಕಿ ಆರಿಸಿದರು. ಮಣ್ಣು ಕೊಚ್ಚಿಹೋಗದಂತೆ ಒಡ್ಡು ಹಾಕಿದರು. ಕಾಡು ನೋಡಲು ಬರುವ ಜನರಿಗಾಗಿ ಕಾಲುದಾರಿ, ಸಣ್ಣ ಸೇತುವೆ, ಕಲ್ಲಿನ ಕಟ್ಟೆ, ಊಟಕ್ಕೆ ಕೂರುವ ಮಂಟಪ, ಕುಡಿಯುವ ನೀರಿನ ವ್ಯವಸ್ಥೆ ಮಾಡಿದರು. ವರ್ಜೀನಿಯಾದ ಶೆನಂಡೋವಾ ಎಂಬ ದೊಡ್ಡ ವನದಲ್ಲಿ ಅವರು ಕಟ್ಟಿದ ಕಲ್ಲುಗೋಡೆಗಳು, ವಿಶ್ರಾಂತಿ ತಾಣಗಳು ಇಂದೂ ಇವೆ. 1933ರಿಂದ 1942ರವರೆಗೆ ಸುಮಾರು 30 ಲಕ್ಷ ಜನ ಈ ಪಡೆಯಲ್ಲಿ ದುಡಿದರು. ಅವರು ನೆಟ್ಟ ಗಿಡಗಳು ಸುಮಾರು 300 ಕೋಟಿ.

6. ಶಿಬಿರದಲ್ಲಿ ರಾತ್ರಿ ಶಾಲೆ

ಇನ್ನು ಮುಂದಿನ ಸಂಗತಿ ನಿಮಗೆ ಇಷ್ಟವಾಗುತ್ತದೆ.

ಶಿಬಿರಕ್ಕೆ ಬಂದ ಹುಡುಗರಲ್ಲಿ ಅನೇಕರಿಗೆ ಓದು ಬರುತ್ತಿರಲಿಲ್ಲ. ಮನೆಗೆ ಕಾಗದ ಬರೆಯಲು ಬೇರೆಯವರ ಕೈಕಾಲು ಹಿಡಿಯಬೇಕು. ಅದಕ್ಕೆ ಶಿಬಿರಗಳಲ್ಲಿ ಓದು ಕಲಿಸುವವರನ್ನು ಇಟ್ಟರು. ಹಗಲು ಗುದ್ದಲಿ, ರಾತ್ರಿ ಪುಸ್ತಕ. ಅಲ್ಲಿ 40,000ಕ್ಕೂ ಹೆಚ್ಚು ಜನ ಓದು ಬರಹ ಕಲಿತು ಹೊರಬಂದರು. ದೊಡ್ಡವರಾದ ಮೇಲೆ ಅಕ್ಷರ ಕಲಿತ ನಿಮ್ಮಂಥವರೇ ಅವರು. ದೇಶ ಬೇರೆ, ಭಾಷೆ ಬೇರೆ. ಮೊದಲ ಸಲ ತನ್ನ ಹೆಸರು ತಾನೇ ಬರೆದಾಗ ಆಗುವ ಸಂತೋಷ ಒಂದೇ.

ಅಲ್ಲಿ ಎಲ್ಲವೂ ಸರಿ ಇತ್ತೇ? ಇರಲಿಲ್ಲ. ಕರಿಯ ಬಣ್ಣದ ಹುಡುಗರನ್ನು ಬೇರೆ ಶಿಬಿರಗಳಲ್ಲಿ ಇಟ್ಟರು. ಹೆಂಗಸರನ್ನು ಈ ಪಡೆಗೆ ಸೇರಿಸಿಕೊಳ್ಳಲಿಲ್ಲ. ಅವರಿಗಾಗಿ ಬೇರೆ ಶಿಬಿರಗಳನ್ನು ನಡೆಸಿದರು, ಆದರೆ ಅವು ಬಹಳ ಕಡಿಮೆ. ಶೆನಂಡೋವಾ ವನ ಮಾಡುವಾಗ ಆ ಬೆಟ್ಟದಲ್ಲಿ ಮೊದಲಿಂದ ಇದ್ದ ನೂರಾರು ಕುಟುಂಬಗಳು ಮನೆ ಬಿಡಬೇಕಾಯಿತು. ಒಳ್ಳೆಯ ಕೆಲಸದಲ್ಲೂ ಯಾರನ್ನು ಹೊರಗೆ ಇಟ್ಟರು ಎಂದು ಕೇಳಬೇಕು.

ನಮ್ಮ ಧಾತು ಬರದ ಶಿಬಿರಕ್ಕೂ ಈ ಶಿಬಿರಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ಕಷ್ಟಕಾಲ, ಎರಡರಲ್ಲೂ ಗುದ್ದಲಿ. ನಮ್ಮಲ್ಲಿ ಜನ ಎಷ್ಟು ಕಡಿಮೆಯಲ್ಲಿ ಬದುಕಬಹುದು ಎಂದು ಲೆಕ್ಕ ಹಾಕಿ ಕೂಲಿ ಕೊಟ್ಟರು. ಅಲ್ಲಿ ಹೊಟ್ಟೆ ತುಂಬ ಊಟ ಕೊಟ್ಟು, ಮನೆಗೂ ಹಣ ಕಳಿಸಿ, ಅಕ್ಷರವನ್ನೂ ಕೊಟ್ಟರು. ನಮ್ಮ ಸೀಮೆಯನ್ನು ಆಳಿದವರು ಪರದೇಶದವರು. ಅಲ್ಲಿ ಆಳಿದವರು ಆ ಜನರ ಓಟು ಕೇಳಿ ಬಂದವರು. ಓಟಿಗೆ ಇರುವ ಬೆಲೆ ಇಲ್ಲಿ ಕಾಣುತ್ತದೆ.

7. ಕೆಲಸ ಹಕ್ಕಾಯಿತು

ಸ್ವಾತಂತ್ರ್ಯ ಬಂದ ಮೇಲೆ ನಮ್ಮಲ್ಲೂ ಆಳುವವರನ್ನು ನಾವೇ ಆರಿಸತೊಡಗಿದೆವು. ಆದರೂ ಬರ ಬರುವುದು ನಿಲ್ಲಲಿಲ್ಲ. 1972–73ರಲ್ಲಿ ಮಹಾರಾಷ್ಟ್ರದಲ್ಲಿ ದೊಡ್ಡ ಬರ ಬಿತ್ತು. ಆಗ ಲಕ್ಷಾಂತರ ಜನ ಕೆಲಸ ಕೇಳಿ ಬಂದರು. ಆ ಅನುಭವದಿಂದ 1977ರಲ್ಲಿ ಆ ರಾಜ್ಯ ಉದ್ಯೋಗ ಖಾತ್ರಿ ಕಾನೂನು ಮಾಡಿತು.

2005ರಲ್ಲಿ ಇಡೀ ದೇಶದ ಹಳ್ಳಿಗಳಿಗಾಗಿ ಸಂಸತ್ತು ಒಂದು ಕಾನೂನು ಮಾಡಿತು. 2006ರ ಫೆಬ್ರವರಿ 2ರಂದು ಈ ಯೋಜನೆ ಶುರುವಾದದ್ದು ಎಲ್ಲಿ ಗೊತ್ತೇ? ದಿಲ್ಲಿಯಲ್ಲಿ ಅಲ್ಲ. ನಮ್ಮ ಪಕ್ಕದ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿ ಎಂಬ ಹಳ್ಳಿಯಲ್ಲಿ. ಪ್ರಧಾನಿ ಮನಮೋಹನ ಸಿಂಗ್ ಅಲ್ಲಿಗೆ ಬಂದು ಚಾಲನೆ ಕೊಟ್ಟರು. ಮೊದಲು 200 ಜಿಲ್ಲೆ. 2008ರ ಏಪ್ರಿಲ್ ಹೊತ್ತಿಗೆ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ಬಂತು.

ಆ ಕಾನೂನು ಏನು ಹೇಳಿತು? ಧಾತು ಬರದ ಜೊತೆ ಹೋಲಿಸಿ ಓದಿ.

• ಅಂದು ಕೆಲಸ ಸರ್ಕಾರದ ದಯೆ. 2005ರ ಕಾನೂನಿನಲ್ಲಿ ಕೆಲಸ ಹಕ್ಕು. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ.

• ಅಂದು ಬರ ಇದೆ ಎಂದು ಸರ್ಕಾರ ಹೇಳಿದರೆ ಮಾತ್ರ ಕೆಲಸ. ಈ ಕಾನೂನಿನಲ್ಲಿ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ. ಕೊಡದಿದ್ದರೆ ನಿರುದ್ಯೋಗ ಭತ್ಯೆ.

• ಅಂದು ಊರು ಬಿಟ್ಟು ದೂರದ ಶಿಬಿರ. ಈ ಕಾನೂನಿನಲ್ಲಿ 5 ಕಿಲೋಮೀಟರ್ ಒಳಗೆ ಕೆಲಸ. ದೂರ ಹೋದರೆ ನೂರಕ್ಕೆ ಹತ್ತರಂತೆ ಹೆಚ್ಚು ಕೂಲಿ.

• ಅಂದು ಹೆಂಗಸಿಗೆ ಕಡಿಮೆ ಕೂಲಿ. ಈ ಕಾನೂನಿನಲ್ಲಿ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ.

• ಅಂದು ಮಕ್ಕಳೂ ಬುಟ್ಟಿ ಹೊತ್ತರು. ಈ ಕಾನೂನಿನಲ್ಲಿ ಕುಡಿಯುವ ನೀರು, ನೆರಳು, ಗಾಯಕ್ಕೆ ಔಷಧಿ ಇರಬೇಕು. 6 ವರ್ಷದೊಳಗಿನ ಐದು ಮಕ್ಕಳು ಇದ್ದರೆ ನೋಡಿಕೊಳ್ಳಲು ಒಬ್ಬರನ್ನು ಇಡಬೇಕು.

2025ರ ಡಿಸೆಂಬರ್‌ನಲ್ಲಿ ಸಂಸತ್ತು 2005ರ ಕಾನೂನಿನ ಜಾಗಕ್ಕೆ ಹೊಸ ಕಾನೂನನ್ನು ಒಪ್ಪಿತು. ಅದರಲ್ಲಿ ವರ್ಷಕ್ಕೆ 125 ದಿನ ಎಂದಿದೆ. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಈ ಕೆಲಸ ನಿಲ್ಲಿಸಬಹುದು ಎಂದೂ ಇದೆ. ಕಾನೂನು ಬದಲಾದಾಗ ದಿನ, ಕೂಲಿ, ಕಾರ್ಡು, ಅರ್ಜಿ ಎಲ್ಲವೂ ಬದಲಾಗಬಹುದು. ಆದ್ದರಿಂದ ನಿಮ್ಮ ಪಂಚಾಯಿತಿಗೆ ಹೋಗಿ, ಹೊಸ ನಿಯಮವನ್ನು ಬರಹದಲ್ಲಿ ಕೇಳಿ. "ಹಂಗಂತೆ, ಹಿಂಗಂತೆ" ಎಂಬ ಮಾತು ನಂಬಬೇಡಿ. ಓದಿ ನೋಡಿ.

ನಮ್ಮ ಭಾಗದಲ್ಲಿ ಇದು ಸಣ್ಣ ವಿಷಯ ಅಲ್ಲ. ಆಲೂರು, ಆದೋನಿ ಕಡೆಯ ಹಳ್ಳಿಗಳಿಂದ ಪ್ರತಿ ವರ್ಷ ಜನ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮನೆಗೆ ಬೀಗ, ಮಕ್ಕಳ ಶಾಲೆಗೆ ನಾಗಾ. ಊರಲ್ಲೇ ಕೆಲಸ ಸಿಕ್ಕು, ಮಾಡಿದ ಕೆಲಸಕ್ಕೆ ಸರಿಯಾಗಿ ಕೂಲಿ ಬಂದರೆ ಎಷ್ಟೋ ಮನೆಗಳ ಬೀಗ ತೆಗೆಯಬಹುದು.

8. ನಿಮ್ಮ ಸಾಲು ಓದಿ

ಹಕ್ಕು ಕಾನೂನಿನ ಪುಸ್ತಕದಲ್ಲಿ ಇದೆ. ಅದು ನಿಮ್ಮ ಕೈಗೆ ಬರುವುದು ಒಂದು ಸಾಲಿನ ಮೂಲಕ. ಆ ಸಾಲು ಹಾಜರಿ ಪಟ್ಟಿಯಲ್ಲಿ ಇರುತ್ತದೆ. ಅದನ್ನು ಮಸ್ಟರ್ ಎನ್ನುತ್ತಾರೆ. ಅದರಲ್ಲಿ ನಿಮ್ಮ ಹೆಸರು, ಕೆಲಸಕ್ಕೆ ಬಂದ ದಿನಗಳು, ಕೂಲಿ ಇರುತ್ತವೆ. 2023ರಿಂದ ಮೊಬೈಲ್‌ನಲ್ಲಿ ಫೋಟೋ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಕಾಗದ ಇರಲಿ, ಮೊಬೈಲ್ ಇರಲಿ, ಅಲ್ಲಿ ಇರುವುದು ಅಕ್ಷರ ಮತ್ತು ಅಂಕಿ. ಅವೆರಡೂ ಈಗ ನಿಮಗೆ ಬರುತ್ತವೆ.

ಒಂದು ಮನೆಯಲ್ಲಿ ಅತ್ತೆ, ಸೊಸೆ ಮಾತಾಡುವುದನ್ನು ಕೇಳಿ. ಅತ್ತೆ ಸಾಕ್ಷರತಾ ಕೇಂದ್ರದಲ್ಲಿ ಓದು ಕಲಿತವರು.

ಅತ್ತೆ: ಏನಮ್ಮ, ಹೋದ ವಾರ ಎಷ್ಟು ದಿನ ಹೋಗಿದ್ದಿ ಕೆಲಸಕ್ಕ?

ಸೊಸೆ: ಆರು ದಿನ ಹೋಗಿದ್ದೆ ಅತ್ತೆ.

ಅತ್ತೆ: ನಾನೂ ಆರು ದಿನ. ದಿನಾ ಸಂಜೆಗೆ ನನ್ನ ಪುಸ್ತಕದಾಗ ಒಂದೊಂದು ಗೆರೆ ಹಾಕೀನಿ ನೋಡು. ಆದ್ರ ಬ್ಯಾಂಕಿನ ಪುಸ್ತಕದಾಗ ನಾಕು ದಿನದ ದುಡ್ಡು ಬಂದೈತಿ.

ಸೊಸೆ: ಹೋಗ್ಲಿ ಬಿಡ್ರಿ ಅತ್ತೆ. ಅವ್ರು ಬರ್ಕೊಂಡಿದ್ದು ಸರಿ ಇರ್ತೈತಿ. ನಮಗೇನು ತಿಳೀತೈತಿ?

ಅತ್ತೆ: ಮೊದ್ಲು ತಿಳೀತಿರ್ಲಿಲ್ಲ. ಈಗ ತಿಳೀತೈತಲ್ಲ! ನಡಿ, ಕೇಳಿ ಬರೋಣ.

ಇಬ್ಬರೂ ಮೇಟ್ ಹತ್ತಿರ ಹೋದರು.

ಅತ್ತೆ: ಅಣ್ಣ, ನಮ್ಮ ಸಾಲು ಒಂದಿಷ್ಟು ತೋರ್ಸು. ಇಲ್ಲಿ ನೋಡು. ಬುಧವಾರ, ಗುರುವಾರ ಖಾಲಿ ಐತಿ. ಆ ಎರಡು ದಿನ ನಾವು ಕೆರೆ ಹೂಳು ತೆಗೆದೀವಿ.

ಮೇಟ್: ಹೌದಲ್ಲ ಯಕ್ಕ! ಅವತ್ತು ಕೆಲಸದ ಜಾಗ ಬದ್ಲಾಯ್ತು. ನಿಮ್ಮದು ಬಿಟ್ಟುಹೋಗೈತಿ. ಆಫೀಸಿಗೆ ಬರ್ದು ಕೊಡೋಣ.

ಅತ್ತೆ: ನಾನೇ ಬರೀತೀನಿ. ದಿನ, ತಾರೀಕು ಹಾಕ್ತೀನಿ. ಕೊಟ್ಟಿದ್ದಕ್ಕ ಒಂದು ರಸೀದಿ ಕೊಡ್ಸು.

ನೋಡಿದಿರಾ? ಜಗಳ ಆಗಲಿಲ್ಲ. ಯಾರನ್ನೂ ಬೈಯಲಿಲ್ಲ. ಸಾಲು ಓದಿದರು, ಕೇಳಿದರು, ಬರೆದು ಕೊಟ್ಟರು. ತಪ್ಪು ಬೇಕೆಂದು ಆಗಿರಬಹುದು, ಮರೆತು ಆಗಿರಬಹುದು. ಓದು ಬಲ್ಲವರ ಮುಂದೆ ಎರಡೂ ಹೆಚ್ಚು ದಿನ ನಿಲ್ಲುವುದಿಲ್ಲ.

9. ಊರ ಮುಂದೆ ಓದುವುದು

ಒಬ್ಬರೇ ಕೇಳಲು ಹೆದರಿಕೆ ಆಗಬಹುದು. ಅದಕ್ಕೆ ಸಾಮಾಜಿಕ ತಪಾಸಣೆ ಎಂಬ ಪದ್ಧತಿ ಇದೆ. ಇದನ್ನು ರಾಜ್ಯದ ಉದ್ದಕ್ಕೂ ಕ್ರಮವಾಗಿ ನಡೆಸಿದ ಮೊದಲ ರಾಜ್ಯ ನಮ್ಮ ಆಂಧ್ರಪ್ರದೇಶ. 2006ರಿಂದ ಇದು ನಡೆಯಿತು. ಊರಿನ ವಿದ್ಯಾವಂತ ಯುವಕ ಯುವತಿಯರು ದಾಖಲೆ ಹಿಡಿದು ಮನೆ ಮನೆಗೆ ಹೋಗುತ್ತಾರೆ. "ನೀವು ಇಷ್ಟು ದಿನ ಕೆಲಸ ಮಾಡಿದ್ದು ನಿಜವೇ? ಇಷ್ಟು ಕೂಲಿ ಬಂತೇ?" ಎಂದು ಕೇಳುತ್ತಾರೆ. ಕೆರೆ, ಒಡ್ಡು, ಗುಂಡಿಗಳನ್ನು ಅಳೆದು ನೋಡುತ್ತಾರೆ. ಕೊನೆಗೆ ಸಭೆ ಸೇರಿಸಿ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರೆ.

ಆ ಸಭೆಗೆ ತಪ್ಪದೆ ಹೋಗಿ. ನಿಮ್ಮ ಹೆಸರು ಓದಿದಾಗ ಎದ್ದು ನಿಲ್ಲಿ. ಸರಿ ಇದ್ದರೆ ಸರಿ ಎನ್ನಿ. ತಪ್ಪಿದ್ದರೆ ತಪ್ಪು ಎನ್ನಿ. ತೆಲುಗಿನಲ್ಲಿ ಓದಿ, ನಿಮಗೆ ಅರ್ಥವಾಗದಿದ್ದರೆ, ಕನ್ನಡದಲ್ಲಿ ಹೇಳಿ ಎಂದು ಕೇಳಲು ನಾಚಿಕೆ ಬೇಡ.

ಧಾತು ಬರದಲ್ಲಿ ಮಣ್ಣು ಹೊತ್ತ ನಮ್ಮ ಹಿರಿಯರಿಗೆ ಹೀಗೆ ಕೇಳುವ ಅವಕಾಶ ಇರಲಿಲ್ಲ. ತಮ್ಮ ಪಾಲಿನ ಕಾಳು ಎಷ್ಟು ಎಂದು ಯಾರೋ ಬರೆದರು, ಯಾರೋ ಓದಿದರು, ಯಾರೋ ಇಳಿಸಿದರು. ನೀವು ಹಾಗಲ್ಲ. ನಿಮ್ಮ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಲ್ಲಿರಿ.

ಹೊಸ ಪದಗಳು

ಕಾಮಗಾರಿ – ದಾರಿ, ಕೆರೆ, ಕಾಲುವೆಯಂಥ ಸಾರ್ವಜನಿಕ ಕೆಲಸ

ಪರಿಹಾರ – ಕಷ್ಟದಲ್ಲಿ ಕೊಡುವ ನೆರವು

ಸಂವತ್ಸರ – ಪಂಚಾಂಗದ ಒಂದು ವರ್ಷ

ಆಯೋಗ – ವಿಚಾರಣೆ ಮಾಡಲು ಸರ್ಕಾರ ನೇಮಿಸಿದ ತಂಡ

ಭತ್ಯೆ – ಕೂಲಿಯ ಬದಲಿಗೆ ಅಥವಾ ಕೂಲಿಯ ಜೊತೆಗೆ ಕೊಡುವ ಹಣ

ತಪಾಸಣೆ – ಸರಿ ಇದೆಯೇ ಎಂದು ಪರೀಕ್ಷೆ ಮಾಡುವುದು

ಲೆಕ್ಕ ಮಾಡಿ

1. ಡಾಕ್ಟರ್ ಕಾರ್ನಿಷ್ ಕೇಳಿದ್ದು 680 ಗ್ರಾಂ ಕಾಳು. ಟೆಂಪಲ್ ಕೊಟ್ಟದ್ದು 450 ಗ್ರಾಂ. ದಿನಕ್ಕೆ ಎಷ್ಟು ಗ್ರಾಂ ಕಡಿಮೆ ಆಯಿತು?

2. ದಿನಕ್ಕೆ ಒಂದು ಆಣೆ ಸಿಕ್ಕರೆ ಒಂದು ರೂಪಾಯಿ ಕೂಡಿಸಲು ಎಷ್ಟು ದಿನ ಬೇಕು?

3. ಅಮೆರಿಕದ ಹುಡುಗ 6 ತಿಂಗಳು ದುಡಿದ. ತಿಂಗಳಿಗೆ 25 ಡಾಲರ್‌ನಂತೆ ಮನೆಗೆ ಒಟ್ಟು ಎಷ್ಟು ಹೋಯಿತು?

4. ಲೆಕ್ಕಕ್ಕೆಂದು ದಿನದ ಕೂಲಿ 200 ರೂಪಾಯಿ ಎಂದು ಇಟ್ಟುಕೊಳ್ಳಿ. 6 ದಿನ ದುಡಿದವರಿಗೆ 4 ದಿನದ ಕೂಲಿ ಬಂತು. ಎಷ್ಟು ರೂಪಾಯಿ ಬಾಕಿ? ಇಂದಿನ ನಿಮ್ಮ ನಿಜವಾದ ಕೂಲಿ ಇಟ್ಟು ಇನ್ನೊಮ್ಮೆ ಲೆಕ್ಕ ಮಾಡಿ.

ಉತ್ತರಗಳು: 1) 230 ಗ್ರಾಂ. 2) 16 ದಿನ. 3) 150 ಡಾಲರ್. 4) 400 ರೂಪಾಯಿ.

ಉತ್ತರ ಬರೆಯಿರಿ

1. ಧಾತು ಬರದಲ್ಲಿ ರೈಲಿನಲ್ಲಿ ಕಾಳು ಬಂದರೂ ಬಡವರು ಯಾಕೆ ಹಸಿದಿದ್ದರು?

2. ಅಮೆರಿಕದ ಶಿಬಿರದಲ್ಲಿ ಹುಡುಗರು ಕೂಲಿಯ ಜೊತೆಗೆ ಇನ್ನೇನು ಪಡೆದರು?

3. ಚಿಪ್ಪಗಿರಿ 1953ಕ್ಕೆ ಮೊದಲು ಯಾವ ಜಿಲ್ಲೆಯಲ್ಲಿ ಇತ್ತು?

ಕೇಂದ್ರದಲ್ಲಿ ಕೂತು ಮಾತಾಡಿ

ನಿಮ್ಮ ಊರಿನ ಕೆರೆ, ದಾರಿ, ಒಡ್ಡುಗಳಲ್ಲಿ ಕೂಲಿ ಕೆಲಸದಿಂದ ಆದವು ಯಾವುವು? ಹಿರಿಯರನ್ನು ಕೇಳಿ. ಯಾರು ಯಾರು ದುಡಿದರು ಎಂದು ತಿಳಿದುಕೊಳ್ಳಿ. ಒಂದು ದೊಡ್ಡ ಹಾಳೆಯಲ್ಲಿ ಕೆಲಸದ ಹೆಸರು ಬರೆಯಿರಿ. ಅದರ ಕೆಳಗೆ ದುಡಿದವರ ಹೆಸರುಗಳನ್ನು ಬರೆಯಿರಿ. ಆ ಹಾಳೆಯನ್ನು ಕೇಂದ್ರದ ಗೋಡೆಗೆ ಅಂಟಿಸಿ. ನಿಮ್ಮ ಹೆಸರನ್ನು ನೀವೇ, ನಿಮ್ಮ ಕೈಯಾರೆ ಬರೆಯಿರಿ.